ಮುಪ್ಪಿನ ಅಳತೆ

೧೮೮೪ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ಆರೋಗ್ಯವನ್ನು ಕುರಿತ ಅಂತರರಾಷ್ಟ್ರೀಯ ವಸ್ತುಪ್ರದರ್ಶನವೊಂದು ನಡೆಯಿತು. ಅದರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ತೆರೆದಿದ್ದ ಮಳಿಗೆ ಬಲು ವಿಚಿತ್ರವಾದುದು. ಅಲ್ಲಿ ಮಾರುವ ಸರಕು ಯಾವುದೂ ಇರಲಿಲ್ಲ. ಮೂರು ಪೆನ್ನಿಗಳನ್ನು ತೆತ್ತು ಒಳಹೊಕ್ಕವರ ಎತ್ತರ, ತೂಕ, ಒಂದೇ ಉಸಿರಿಗೆ ಹೊರಬಿಡಬಲ್ಲ ಗಾಳಿಯ ಪ್ರಮಾಣ, ಕೈಹಿಡಿತದ ಬಲ, ಕಣ್ಣಿನ ಚುರುಕು, ಕಿವಿಯ ಚುರುಕು ಇವನ್ನೆಲ್ಲ ಅಳೆದು ಒಂದು ಕಾಗದದಲ್ಲಿ ಬರೆದುಕೊಡುತ್ತಿದ್ದರು. ಅದರ ನಕಲನ್ನು ಗಾಲ್ಟನ್ ತಮ್ಮಲ್ಲಿ ಇರಿಸಿಕೊಳ್ಳುತ್ತಿದ್ದರು. ಪ್ರದರ್ಶನ ಮುಗಿಯುವ ಹೊತ್ತಿಗೆ ೯,೩೩೭ ಜನರ ಅಳತೆಗಳು ಅವರ ಕೈಸೇರಿದ್ದುವು. ತಮ್ಮನ್ನು ಅಳೆಯಿಸಿಕೊಳ್ಳಲು ಜನರೇ ಹಣ ಕೊಟ್ಟು ಬರುವಂತಹ ಅದೃಷ್ಟ ವಿಜ್ಞಾನಿಗಳಿಗೆ ದೊರೆಯುವುದು ಅಪೂರ್ವವೇ ಸರಿ.

ಇಂತಹ ಅಳತೆಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ನಕ್ಷೆ ಬರೆದರೆ ಅದು ಒಂದು ಗುಡ್ಡದ ಆಕಾರವನ್ನು ತಾಳುತ್ತದೆ. ಬಾಲ್ಯದಿಂದ ಇಪ್ಪತ್ತು ಇಪ್ಪತ್ತೈದರವರೆಗೆ ಏರು, ಕೆಲವು ಕಾಲ ಸಮನೆಲ, ಅನಂತರ ಇಳಿಜಾರು. ದೇಹಬಲದ ವಿಷಯದಲ್ಲಿ ಇದು ಯಾರಿಗೂ ಆಶ್ಚರ್ಯವನ್ನುಂಟುಮಾಡಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಬುದ್ಧಿಪರೀಕ್ಷೆಗಳು ಬಳಕೆಗೆ ಬಂದಾಗ ಬುದ್ಧಿಯ ನಕ್ಷೆಯೂ ಇದೇ ಗುಡ್ಡದ ಆಕಾರವನ್ನು ತಾಳಿತು. ಜೋನ್ಸ್ ಮತ್ತು ಕಾನ್ರಾಡ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ನ್ಯೂ ಇಂಗ್ಲೆಂಡ್ ಪ್ರದೇಶದ ಹಳ್ಳಿಗಳಲ್ಲಿ ಪುಕ್ಕಟೆಯಾಗಿ ಚಲನಚಿತ್ರ ತೋರಿಸುವೆವೆಂದು ಜನರನ್ನು ನೆರೆಯಿಸಿ ಅವರ ಕೈಗೆ ಪ್ರಶ್ನೆಪತ್ರಿಕೆಗಳನ್ನು ಕೊಟ್ಟರು. ಹತ್ತರಿಂದ ಅರವತ್ತು ವರ್ಷದವರೆಗಿನ ೧,೧೯೧ ಜನ ಈ ಪರೀಕ್ಷೆಗೆ ಒಳಗಾದರು. ೧೯೩೩ರಲ್ಲಿ ಫಲಿತಾಂಶ ಪ್ರಕಟವಾಯಿತು. ಹದಿನೆಂಟರಿಂದ ಇಪ್ಪತ್ತೊಂದರ ನಡುವೆ ಬುದ್ಧಿ ಶಿಖರವನ್ನು ಮುಟ್ಟುತ್ತದೆ. ಅಲ್ಲಿಂದ ಇಳಿಯತೊಡಗಿ ಐವತ್ತೈದರ ಹೊತ್ತಿಗೆ ಹದಿನಾಲ್ಕರ ಬಾಲಕನ ಮಟ್ಟಕ್ಕೆ ಬಂದು ನಿಲ್ಲುತ್ತದೆ! ಶಬ್ದಜ್ಞಾನ ಮತ್ತು ಲೋಕಜ್ಞಾನ ಇವೆರಡು ಮಾತ್ರ ಇಳಿಯದೆ ಉಳಿದುವು.

ಐವತ್ತೈದು ದಾಟಿದ ಪ್ರಾಧ್ಯಾಪಕರ ಮುಂದೆ ಕುಳಿತು ಪಾಠ ಕೇಳುವ ನಮ್ಮ ತರುಣ ವಾಚಕರು ಈ ಫಲಿತಾಂಶವನ್ನು ಒಪ್ಪುವರೋ ಇಲ್ಲವೋ ತಿಳಿಯದು. ಆದರೆ ಹಲವು ಕಾಲ ಅದನ್ನು ಒಪ್ಪಿದವರೇ ಹೆಚ್ಚು. ವಯಸ್ಸಾದವರಿಗೆ ಹೊಸ ಕೆಲಸ ಕಲಿಸುವುದು ವ್ಯರ್ಥವೆನ್ನುವವರಿಗೆ ಇದಕ್ಕಿಂತ ಅನುಕೂಲವಾದ ಸಾಕ್ಷ್ಯ ಬೇರೊಂದು ಇರಲಿಲ್ಲ.

ಒಂದೇ ದಿನದ ಚಿತ್ರ

ಈ ವಿಧಾನದಲ್ಲಿ ಅಡಗಿರುವ ತೊಡಕನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ತಿಳಿಯಬಹುದು. ಒಂದು ಹಳ್ಳಿಗೆ ಹೋಗಿ ಎಲ್ಲ ವಯಸ್ಸಿನವರ ಮುಂದೆಯೂ ಇಂಗ್ಲಿಷ್ ಪುಸ್ತಕವೊಂದನ್ನು ಹಿಡಿದು ಓದಲು ಹೇಳೋಣ. ಹದಿನೆಂಟರ ಹುಡುಗಿ ಓದುತ್ತಾಳೆ. ನಲವತ್ತೈದರ ಅವಳ ತಂದೆ ತಡವರಿಸುತ್ತಾನೆ. ಎಂಬತ್ತರ ಅಜ್ಜಿ ಪುಸ್ತಕವನ್ನು ಪಕ್ಕಕ್ಕೆ ಇಡುತ್ತಾಳೆ. ಈ ಮೂರು ಬಿಂದುಗಳನ್ನು ಸೇರಿಸಿ ಗೆರೆ ಎಳೆದು, “ವಯಸ್ಸು ಏರಿದಂತೆಲ್ಲ ಮನುಷ್ಯರು ಇಂಗ್ಲಿಷನ್ನು ಮರೆಯುತ್ತಾರೆ” ಎಂದು ಯಾರಾದರೂ ಹೇಳಿದರೆ ನಾವು ನಗುವೆವಷ್ಟೆ. ಅಜ್ಜಿ ಯಾವುದನ್ನೂ ಮರೆತಿಲ್ಲ. ಅವಳು ಹುಟ್ಟಿದ ಕಾಲದಲ್ಲಿ ಅದನ್ನು ಅವಳಿಗೆ ಕಲಿಸಿದವರಿಲ್ಲ. ಒಂದೇ ದಿನ ತೆಗೆದ ಚಿತ್ರದಲ್ಲಿ ವಯಸ್ಸಿನ ಪ್ರಭಾವವೂ ಹುಟ್ಟಿದ ಕಾಲದ ಪ್ರಭಾವವೂ ಹಾಲುನೀರಿನಂತೆ ಬೆರೆತುಹೋಗಿರುತ್ತವೆ.

ಇವನ್ನು ಬೇರ್ಪಡಿಸಲು ಒಂದು ಉಪಾಯವಿದೆ. ಬೇರೆ ಬೇರೆ ವಯಸ್ಸಿನ ಜನರನ್ನು ಒಂದೇ ದಿನ ಪರೀಕ್ಷಿಸುವುದರ ಬದಲು ಅದೇ ಜನರನ್ನು ಹಲವು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸುವುದು. ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಒಬ್ಬ ವಿಜ್ಞಾನಿಯ ಆಯುಷ್ಯವೆಲ್ಲ ಬೇಕು. ವಿಲಿಯಮ್ ಓವೆನ್ಸ್ ಎಂಬವರಿಗೆ ಅದೃಷ್ಟವಶಾತ್ ಹಳೆಯ ಕಾಗದಗಳು ದೊರೆತುವು. ಅಮೆರಿಕದ ಅಯೋವ ರಾಜ್ಯದ ಕಾಲೇಜೊಂದಕ್ಕೆ ೧೯೧೯ರಲ್ಲಿ ಸೇರಿದ ವಿದ್ಯಾರ್ಥಿಗಳು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ರಚಿತವಾಗಿದ್ದ ಬುದ್ಧಿಪರೀಕ್ಷೆಯೊಂದಕ್ಕೆ ಉತ್ತರ ಬರೆದಿದ್ದರು. ಜೋನ್ಸ್ ಮತ್ತು ಕಾನ್ರಾಡ್ ಹಳ್ಳಿಗಳಲ್ಲಿ ಬಳಸಿದುದೂ ಅದೇ ಪರೀಕ್ಷೆಯನ್ನು. ಸುಮಾರು ಮೂವತ್ತು ವರ್ಷಗಳ ಮೇಲೆ ಓವೆನ್ಸರು ಆ ವಿದ್ಯಾರ್ಥಿಗಳಲ್ಲಿ ೧೨೭ ಮಂದಿಯನ್ನು ಹುಡುಕಿ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟರು. ಆಗ ಅವರಿಗೆ ಐವತ್ತರ ಆಸುಪಾಸಿನ ವಯಸ್ಸು. ಹಳೆಯ ನಕ್ಷೆಯ ಪ್ರಕಾರ ಅವರ ಅಂಕಗಳು ಕುಸಿದಿರಬೇಕಾಗಿತ್ತು. ಆದರೆ ೧೯೫೩ರಲ್ಲಿ ಪ್ರಕಟವಾದ ವರದಿಯಂತೆ ಒಟ್ಟು ಅಂಕಗಳು ತಾರುಣ್ಯದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿದ್ದುವು!

ಈ ವಿಷಯಕ್ಕೆ ತಮ್ಮ ಜೀವಿತವನ್ನೇ ಮುಡಿಪಾಗಿಟ್ಟವರು ವಾರ್ನರ್ ಶೈ ಎಂಬ ಮನಶ್ಶಾಸ್ತ್ರಜ್ಞರು. ೧೯೫೬ರಲ್ಲಿ ಅವರು ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಸಿಯಾಟ್ಲ್ ನಗರದ ಆರೋಗ್ಯ ಸಹಕಾರ ಸಂಘವೊಂದರ ಸದಸ್ಯರಲ್ಲಿ ೫೦೦ ಜನರನ್ನು ಪರೀಕ್ಷಿಸಿದರು. ಇಪ್ಪತ್ತರ ಮೇಲಿನವರಿಂದ ಎಪ್ಪತ್ತರ ಸಮೀಪದವರವರೆಗೆ ಎಲ್ಲರೂ ಅದರಲ್ಲಿದ್ದರು. ಏಳು ವರ್ಷಗಳ ಮೇಲೆ, ೧೯೬೩ರಲ್ಲಿ, ಅವರನ್ನೇ ಮತ್ತೆ ಕರೆದರು. ಜೊತೆಗೆ ಹೊಸಬರನ್ನೂ ಸೇರಿಸಿಕೊಂಡರು. ಹೀಗೆ ಏಳೇಳು ವರ್ಷಕ್ಕೊಮ್ಮೆ ಅರ್ಧ ಶತಮಾನ ನಡೆದ ಈ ಕಾರ್ಯದಲ್ಲಿ ಸುಮಾರು ಆರು ಸಾವಿರ ಜನ ಭಾಗಿಗಳಾದರು. ಹೊಸಬರನ್ನು ಸೇರಿಸಿಕೊಳ್ಳುತ್ತ ಹೋದುದರಲ್ಲೇ ಶೈ ಅವರ ಜಾಣ್ಮೆ ಕಾಣುತ್ತದೆ. ೧೯೫೬ರಲ್ಲಿ ಅರವತ್ತಾಗಿದ್ದವರನ್ನೂ ೧೯೮೪ರಲ್ಲಿ ಅರವತ್ತಾದವರನ್ನೂ ಹೋಲಿಸಲು ಅದರಿಂದ ಸಾಧ್ಯವಾಯಿತು.

ತಿಳಿದುಬಂದುದೇನು? ಬುದ್ಧಿಯೆಂಬುದು ಒಂದೇ ಗುಡ್ಡವಲ್ಲ. ಹಲವು ಗುಡ್ಡಗಳ ಸಾಲು. ಕಣ್ಣಿಗೆ ಬಿದ್ದುದನ್ನು ತಟ್ಟನೆ ಗುರುತಿಸುವ ವೇಗ ಎಲ್ಲಕ್ಕಿಂತ ಮೊದಲು, ಯೌವನ ಕಳೆಯುತ್ತಿದ್ದಂತೆಯೇ, ತಗ್ಗತೊಡಗುತ್ತದೆ. ತರ್ಕಶಕ್ತಿ, ಆಕೃತಿಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿ, ಮಾತಿನ ಅರ್ಥವನ್ನು ಗ್ರಹಿಸುವ ಶಕ್ತಿ ಇವು ನಡುವಯಸ್ಸಿನಲ್ಲಿಯೂ ಗಟ್ಟಿಯಾಗಿರುತ್ತವೆ. ಅರವತ್ತಕ್ಕೆ ಮುಂಚೆ ಹೇಳಿಕೊಳ್ಳುವಂತಹ ಇಳಿತ ಸಾಮಾನ್ಯವಾಗಿ ಇಲ್ಲ. ಎಂಬತ್ತರ ಹೊತ್ತಿಗೆ ಬಹುಮಂದಿಯಲ್ಲಿ ಯಾವುದಾದರೊಂದು ಶಕ್ತಿ ಕುಂದಿರುತ್ತದೆ. ಎಲ್ಲ ಶಕ್ತಿಗಳೂ ಒಟ್ಟಿಗೆ ಕುಂದಿದವರು ವಿರಳ.

ಆದರೆ ಈ ವಿಧಾನವೂ ನಿರ್ದೋಷವಾದುದಲ್ಲ. ಎರಡನೆಯ ಸಲ ಪರೀಕ್ಷೆಗೆ ಬರುವವರು ಬದುಕಿರುವವರು, ನಡೆದು ಬರಬಲ್ಲವರು, ಬರಲು ಮನಸ್ಸುಳ್ಳವರು. ಸೊರಗಿದವರು ಪಟ್ಟಿಯಿಂದ ತಾವಾಗಿಯೇ ಜಾರಿಹೋಗುತ್ತಾರೆ. ಒಮ್ಮೆ ಬರೆದ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವಾಗ ಅಭ್ಯಾಸಬಲವೂ ಸ್ವಲ್ಪ ನೆರವಾಗುತ್ತದೆ. ಹೀಗೆ ಹಳೆಯ ವಿಧಾನ ಮುಪ್ಪನ್ನು ಇರುವುದಕ್ಕಿಂತ ಕಪ್ಪಾಗಿ ತೋರಿಸಿದರೆ ಹೊಸ ವಿಧಾನ ಇರುವುದಕ್ಕಿಂತ ಬೆಳ್ಳಗೆ ತೋರಿಸೀತು. ಆದುದರಿಂದಲೇ ಇಂದಿನ ಸಂಶೋಧಕರು ಎರಡನ್ನೂ ಜೊತೆಯಲ್ಲಿಟ್ಟು ನೋಡುತ್ತಾರೆ.

ಅರವತ್ತಾರು ವರ್ಷಗಳ ಬಳಿಕ ಅದೇ ಪ್ರಶ್ನೆಪತ್ರಿಕೆ

ಒಬ್ಬರ ಬುದ್ಧಿ ಮುಪ್ಪಿನಲ್ಲೂ ಚುರುಕಾಗಿರಲು, ಇನ್ನೊಬ್ಬರದು ಮಂಕಾಗಲು ಕಾರಣವೇನೆಂಬ ಪ್ರಶ್ನೆಗೆ ಸ್ಕಾಟ್ಲೆಂಡಿನಿಂದ ಉತ್ತರದ ಒಂದು ಭಾಗ ಬಂದಿತು. ಆ ದೇಶದಲ್ಲಿ ೧೯೩೨ನೆಯ ಜೂನ್ ೧ರಂದು, ೧೯೨೧ರಲ್ಲಿ ಹುಟ್ಟಿ ಶಾಲೆಗೆ ಹೋಗುತ್ತಿದ್ದ ಹೆಚ್ಚುಕಡಮೆ ಎಲ್ಲ ಮಕ್ಕಳಿಗೂ ಒಂದೇ ಬುದ್ಧಿಪರೀಕ್ಷೆಯನ್ನು ಕೊಡಲಾಗಿತ್ತು. ಅಂದು ಉತ್ತರ ಬರೆದ ಮಕ್ಕಳು ೮೭,೪೯೮. ಆ ಅಂಕಗಳ ಕಡತಗಳು ಬಹುಕಾಲ ಮರೆಯಲ್ಲಿದ್ದುವು. ೧೯೯೦ರ ದಶಕದಲ್ಲಿ ಇಯನ್ ಡಿಯರಿ ಮತ್ತು ಲಾರೆನ್ಸ್ ವ್ಹಾಲಿ ಎಂಬ ಸಂಶೋಧಕರು ಅವುಗಳ ಬೆಲೆಯನ್ನು ಕಂಡುಕೊಂಡರು. ೧೯೯೮ನೆಯ ಜೂನ್ ೧ರಂದು, ಸರಿಯಾಗಿ ಅರವತ್ತಾರು ವರ್ಷಗಳು ತುಂಬಿದ ದಿನ, ಆ ಮಕ್ಕಳಲ್ಲಿ ಕೆಲವರು ಆಬರ್ಡೀನ್ ನಗರದ ಸಂಗೀತಭವನದಲ್ಲಿ ಸೇರಿದರು. ಈಗ ಅವರಿಗೆ ಎಪ್ಪತ್ತೇಳು. ಅದೇ ಪ್ರಶ್ನೆಗಳು, ಅದೇ ಸೂಚನೆಗಳು, ಅದೇ ೪೫ ನಿಮಿಷಗಳ ಅವಧಿ. ೭೩ ಮಂದಿ ಉತ್ತರ ಬರೆದರು. ಸರಾಸರಿ ಅಂಕ ಹನ್ನೊಂದರ ವಯಸ್ಸಿನಲ್ಲಿ ಬಂದುದಕ್ಕಿಂತ ಹೆಚ್ಚಾಗಿತ್ತು.

ಮುಂದೆ ಎಡಿನ್‌ಬರೋದಲ್ಲಿ ಅದೇ ವರ್ಷ ಹುಟ್ಟಿದ ೫೫೦ ಮಂದಿಯನ್ನು ಎಪ್ಪತ್ತೊಂಬತ್ತರ ಆಸುಪಾಸಿನಲ್ಲಿ ಪರೀಕ್ಷಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಹನ್ನೊಂದರಲ್ಲಿ ಮುಂದಿದ್ದವರು ಎಪ್ಪತ್ತೊಂಬತ್ತರಲ್ಲೂ ಬಹುಮಟ್ಟಿಗೆ ಮುಂದಿದ್ದರು. ಆದರೆ ಮುಪ್ಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಬಾಲ್ಯದ ಬುದ್ಧಿಯಿಂದ ವಿವರಿಸಬಹುದಾದುದು ಅರ್ಧಕ್ಕಿಂತ ಕಡಮೆ. ಉಳಿದುದನ್ನು ನಡುವಿನ ಬದುಕಿನಲ್ಲಿ, ಎಂದರೆ ಓದು, ಉದ್ಯೋಗ, ರೋಗರುಜಿನ, ಹೊಗೆಬತ್ತಿ, ನಡಿಗೆ ಮುಂತಾದುವುಗಳಲ್ಲಿ, ಹಾಗೂ ಆಕಸ್ಮಿಕಗಳಲ್ಲಿ ಹುಡುಕಬೇಕಾಗಿದೆ.

ತೊಂಬತ್ತರಲ್ಲಿ ವ್ಯಾಯಾಮ

ಇನ್ನು ದೇಹದ ಮಾತು. ಸ್ನಾಯು ಸೊರಗುವ ಬಗೆಯನ್ನು ತಿಳಿಯಬೇಕಾದರೆ ಅದರ ರಚನೆಯನ್ನು ನೆನೆಯಬೇಕು. ಸ್ನಾಯುವೊಂದರಲ್ಲಿ ಸಾವಿರಾರು ತಂತುಗಳಿವೆ. ಬೆನ್ನುಹುರಿಯಲ್ಲಿರುವ ಒಂದೊಂದು ನರಕೋಶವೂ ಇಂತಿಷ್ಟು ತಂತುಗಳನ್ನು ತನ್ನ ಆಜ್ಞೆಯಲ್ಲಿ ಇಟ್ಟುಕೊಂಡಿರುತ್ತದೆ. ವಯಸ್ಸು ಏರಿದಂತೆ ಈ ನರಕೋಶಗಳಲ್ಲಿ ಕೆಲವು ಸಾಯುತ್ತವೆ. ಒಡೆಯನಿಲ್ಲದ ತಂತುಗಳಲ್ಲಿ ಕೆಲವನ್ನು ನೆರೆಯ ನರಕೋಶಗಳು ದತ್ತು ತೆಗೆದುಕೊಳ್ಳುತ್ತವೆ, ಉಳಿದುವು ನಾಶವಾಗುತ್ತವೆ. ಶೀಘ್ರವಾಗಿ ಸಂಕೋಚಿಸುವ ತಂತುಗಳಿಗೇ ಹಾನಿ ಹೆಚ್ಚು. ಎಡವಿದಾಗ ತಟ್ಟನೆ ಕಾಲನ್ನು ಮುಂದಿಟ್ಟು ದೇಹವನ್ನು ಉಳಿಸಿಕೊಳ್ಳುವುದು ಈ ತಂತುಗಳ ಕೆಲಸ. ಮುದುಕರು ಬೀಳುವುದು ಏಕೆ ಹೆಚ್ಚೆಂಬುದಕ್ಕೆ ಇದೂ ಒಂದು ಕಾರಣ.

ಈ ಕ್ಷಯವನ್ನು ತಡೆಯಲಾಗದೆಂದೇ ಹಿಂದೆ ನಂಬಿದ್ದರು. ೧೯೯೦ರಲ್ಲಿ ಬಾಸ್ಟನ್ ನಗರದಿಂದ ಮರಿಯ ಫಿಯಟರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪುಟ್ಟ ಪ್ರಯೋಗ ಆ ನಂಬಿಕೆಯನ್ನು ಅಲುಗಿಸಿತು. ವೃದ್ಧರ ಶುಶ್ರೂಷಾಲಯವೊಂದರಲ್ಲಿದ್ದ ೮೬ರಿಂದ ೯೬ ವರ್ಷದ ಹತ್ತು ಮಂದಿಯನ್ನು ಅವರು ಆರಿಸಿಕೊಂಡರು. ಎಂಟು ವಾರಗಳ ಕಾಲ ಇವರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ಮಾಡಿಸಿದರು. ಲಘುವಾದ ಕೈಕಾಲು ಆಡಿಸುವಿಕೆಯಲ್ಲ. ಪ್ರತಿಯೊಬ್ಬರ ಗರಿಷ್ಠ ಬಲಕ್ಕೆ ಸಮೀಪವಾದ ನಿಜವಾದ ಭಾರ. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಮಂದಿಯ ಕಾಲ್ಬಲ ಸರಾಸರಿ ಶೇಕಡ ೧೭೪ರಷ್ಟು ಹೆಚ್ಚಿತು. ತೊಡೆಯ ಸ್ನಾಯು ದಪ್ಪವಾದುದು ಮಾತ್ರ ಶೇಕಡ ೯ರಷ್ಟು. ಈ ಎರಡು ಅಂಕಿಗಳ ನಡುವಣ ಅಂತರವನ್ನು ವಾಚಕರು ಗಮನಿಸಬೇಕು. ಬಲದ ಬಹುಪಾಲು ಬಂದುದು ಹೊಸ ಮಾಂಸದಿಂದಲ್ಲ. ನಿದ್ರಿಸುತ್ತಿದ್ದ ತಂತುಗಳನ್ನು ನರಮಂಡಲ ಮತ್ತೆ ಕೆಲಸಕ್ಕೆ ಕರೆದುದರಿಂದ. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ಆದರೆ ವ್ಯಾಯಾಮವನ್ನು ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಮೂರನೆಯ ಒಂದರಷ್ಟು ಬಲ ಇಳಿದುಹೋಯಿತು.

ನೂರು ಮಂದಿಯನ್ನು ಸೇರಿಸಿಕೊಂಡ ಮುಂದಿನ ಪ್ರಯೋಗ ೧೯೯೪ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ವ್ಯಾಯಾಮವಿಲ್ಲದೆ ಪುಷ್ಟಿಕರವಾದ ಪಾನೀಯವನ್ನು ಮಾತ್ರ ಕೊಟ್ಟಿದ್ದರು. ವ್ಯಾಯಾಮ ಫಲಿಸಿತು, ಪಾನೀಯದಿಂದ ಬಲ ಹೆಚ್ಚಲಿಲ್ಲ. ಬಣ್ಣಬಣ್ಣದ ಶೀಸೆಗಳಲ್ಲಿ ಯೌವನವನ್ನು ಮಾರುವವರು ಈ ಸಂಗತಿಯನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ಅದಂತಿರಲಿ. ಮೇಲಿನ ವ್ಯಾಯಾಮಗಳೆಲ್ಲ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದುವೆಂಬುದನ್ನು ಮಾತ್ರ ಮರೆಯಬಾರದು.

ಬುದ್ಧಿಗೂ ಇಂತಹ ವ್ಯಾಯಾಮ ಉಂಟೇ? ೧೯೮೬ರಲ್ಲಿ ಶೈ ಮತ್ತು ಶೆರಿ ವಿಲ್ಲಿಸ್ ಅವರು ಸಿಯಾಟ್ಲಿನ ವೃದ್ಧರಿಗೆ ಒಟ್ಟು ಐದು ಗಂಟೆಗಳ ಶಿಕ್ಷಣವನ್ನು ಕೊಟ್ಟು ನೋಡಿದರು. ಮೂರರಲ್ಲಿ ಎರಡು ಪಾಲು ಜನ ಸುಧಾರಿಸಿದರು. ಕುಂದಿದ್ದವರಲ್ಲಿ ಶೇಕಡ ೪೦ರಷ್ಟು ಮಂದಿ ಹದಿನಾಲ್ಕು ವರ್ಷಗಳ ಹಿಂದಿನ ತಮ್ಮ ಮಟ್ಟಕ್ಕೆ ಮರಳಿದರು. ಆದರೆ ತರ್ಕವನ್ನು ಕಲಿತವರಿಗೆ ತರ್ಕ ಒಲಿಯಿತೇ ಹೊರತು ನೆನಪು ಒಲಿಯಲಿಲ್ಲ. ಮುಂದೆ ನಡೆದ ದೊಡ್ಡ ಪ್ರಯೋಗಗಳೂ ಇದನ್ನೇ ಹೇಳಿವೆ. ಒಂದು ಬೀಗಕ್ಕೆ ಒಂದೇ ಕೀಲಿಕೈ.

ಹೊಸ ಮುದುಕರು, ಹಳೆಯ ಮುದುಕರು

ಇತ್ತೀಚಿನ ಸಂಶೋಧನೆಗಳಲ್ಲಿ ನಮಗೆ ಎಲ್ಲಕ್ಕಿಂತ ರೋಚಕವಾಗಿ ಕಂಡುದು ಫಿನ್ಲೆಂಡಿನದು. ಅಲ್ಲಿಯ ಯುವಸ್ಕುಲ ನಗರದಲ್ಲಿ ೧೯೮೯-೯೦ರಲ್ಲಿ ೭೫ ಮತ್ತು ೮೦ ವರ್ಷದವರನ್ನು ಪರೀಕ್ಷಿಸಿದ್ದರು. ೨೦೧೭-೧೮ರಲ್ಲಿ ಟೈನಾ ರಂಟನೆನ್ ಮತ್ತು ಅವರ ಸಹೋದ್ಯೋಗಿಗಳು ಅದೇ ಊರಿನಲ್ಲಿ ಅದೇ ವಯಸ್ಸಿನವರನ್ನು ಅದೇ ಬಗೆಯ ಪರೀಕ್ಷೆಗಳಿಗೆ ಒಳಪಡಿಸಿದರು. ಇಪ್ಪತ್ತೆಂಟು ವರ್ಷ ಈಚೆಗೆ ಹುಟ್ಟಿದ ಈ ವೃದ್ಧರು ಸೆಕೆಂಡಿಗೆ ೦.೨ರಿಂದ ೦.೪ ಮೀಟರಿನಷ್ಟು ಹೆಚ್ಚು ವೇಗವಾಗಿ ನಡೆದರು. ಗಾಲ್ಟನ್ ಅಳೆದಿದ್ದ ಆ ಕೈಹಿಡಿತದ ಬಲ ಶೇಕಡ ೫ರಿಂದ ೨೫ರಷ್ಟು ಹೆಚ್ಚಾಗಿತ್ತು. ಮೊಣಕಾಲನ್ನು ಚಾಚುವ ಬಲ ಶೇಕಡ ೨೦ರಿಂದ ೪೭ರಷ್ಟು. ಬುದ್ಧಿಯ ಪರೀಕ್ಷೆಗಳಲ್ಲಿಯೂ ಅವರೇ ಮುಂದು. ದೇಹದ ವಿಷಯದಲ್ಲಿ ಹೆಚ್ಚಿದ ಮೈಕಟ್ಟು ಮತ್ತು ಚಟುವಟಿಕೆ, ಬುದ್ಧಿಯ ವಿಷಯದಲ್ಲಿ ಹೆಚ್ಚು ವರ್ಷಗಳ ಶಿಕ್ಷಣ ಇದಕ್ಕೆ ಮುಖ್ಯ ಕಾರಣಗಳೆಂದು ಆ ಸಂಶೋಧಕರು ಎಣಿಸುತ್ತಾರೆ.

ನಡಿಗೆಯ ವೇಗ ಅಲ್ಪ ವಿಷಯವೆಂದು ಭಾವಿಸಬಾರದು. ಅರವತ್ತೈದು ದಾಟಿದ ೩೪,೪೮೫ ಜನರ ವಿವರಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವೇಗವಾಗಿ ನಡೆಯುವವರು ಹೆಚ್ಚು ಕಾಲ ಬದುಕುತ್ತಾರೆ. ನಡೆಯಲು ಹೃದಯ, ಪುಪ್ಪುಸ, ನರ, ಸ್ನಾಯು, ಕಣ್ಣು ಎಲ್ಲವೂ ಕೂಡಿ ದುಡಿಯಬೇಕಾದುದರಿಂದ ಒಂದರ ಕುಂದು ನಡಿಗೆಯಲ್ಲಿ ಬೇಗ ತೋರುತ್ತದೆ.

ಡೆನ್ಮಾರ್ಕಿನ ಕಥೆ ಕೊಂಚ ಬೇರೆ. ೧೯೦೫ರಲ್ಲಿ ಹುಟ್ಟಿದವರನ್ನು ೯೩ನೆಯ ವಯಸ್ಸಿನಲ್ಲಿಯೂ ೧೯೧೫ರಲ್ಲಿ ಹುಟ್ಟಿದವರನ್ನು ೯೫ನೆಯ ವಯಸ್ಸಿನಲ್ಲಿಯೂ ಅಲ್ಲಿ ಪರೀಕ್ಷಿಸಿದರು. ಎರಡನೆಯ ಗುಂಪಿನವರು ಎರಡು ವರ್ಷ ಹಿರಿಯರಾಗಿದ್ದರೂ ಬುದ್ಧಿಯಲ್ಲಿ ಮೇಲಾಗಿದ್ದರು. ಒಂದು ಪರೀಕ್ಷೆಯಲ್ಲಿ ಅತ್ಯುಚ್ಚ ಮಟ್ಟದ ಅಂಕಗಳನ್ನು ಪಡೆದವರು ಮೊದಲ ಗುಂಪಿನಲ್ಲಿ ಶೇಕಡ ೧೩, ಎರಡನೆಯದರಲ್ಲಿ ಶೇಕಡ ೨೩. ಸ್ನಾನ, ಉಡುಪು, ಓಡಾಟ ಮುಂತಾದ ದಿನಗೆಲಸಗಳಲ್ಲಿಯೂ ಅವರೇ ಮೇಲು. ಆದರೆ ಕೈಹಿಡಿತದಂತಹ ದೇಹಬಲದ ಅಳತೆಗಳಲ್ಲಿ ಅಂತಹ ಏಕರೂಪವಾದ ಮೇಲ್ಮೆ ಕಾಣಲಿಲ್ಲ.

ಈ ಏರಿಕೆ ಪ್ರಕೃತಿನಿಯಮವೆಂದು ತಿಳಿಯುವಂತಿಲ್ಲ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಬಳಿಕ ಹುಟ್ಟಿದವರು ಐವತ್ತು ದಾಟಿದ ಮೇಲೆ ತಮ್ಮ ಹಿಂದಿನವರಿಗಿಂತ ಕಡಮೆ ಅಂಕ ಪಡೆಯುತ್ತಿರುವರೆಂದು ೨೦೨೦ರಲ್ಲಿ ಹೊರಬಂದ ಅಧ್ಯಯನವೊಂದು ತೋರಿಸಿತು. ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೯೭೦ರ ದಶಕದ ಕೊನೆಯಿಂದೀಚೆಗೆ, ವೈದ್ಯರು ಡಿಮೆನ್ಷಿಯ ಎಂದು ಕರೆಯುವ ಮರೆವಿನ ರೋಗ ಹೊಸದಾಗಿ ತಗಲುವುದು ಕಡಮೆಯಾಗುತ್ತ ಬಂದಿದೆ. ಆದರೆ ಪ್ರೌಢಶಾಲೆಯನ್ನಾದರೂ ಮುಗಿಸಿದವರಲ್ಲಿ ಮಾತ್ರ. ಶಾಲೆಯ ಬಾಗಿಲು ಮುಚ್ಚಿದ್ದವರಿಗೆ ಆ ಲಾಭ ದಕ್ಕಲಿಲ್ಲ.

ನಮ್ಮಲ್ಲಿ

ಈ ಮಾತು ನಮ್ಮನ್ನು ಭಾರತಕ್ಕೆ ತರುತ್ತದೆ. ನಮ್ಮ ವೃದ್ಧರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಶಾಲೆಯ ಮುಖ ಕಾಣದವರು ಅಸಂಖ್ಯರು. ಅವರ ಮುಂದೆ ಪಶ್ಚಿಮದ ಪ್ರಶ್ನೆಪತ್ರಿಕೆಯನ್ನು ಇಟ್ಟರೆ ಆಗುವುದೇನು? “ಈ ವಾಕ್ಯವನ್ನು ಓದಿ ಅದರಂತೆ ಮಾಡಿ”, “ಒಂದು ವಾಕ್ಯವನ್ನು ಬರೆಯಿರಿ” ಎಂಬ ಪ್ರಶ್ನೆಗಳಿಗೆ ಅಂಕ ಸೊನ್ನೆ. ಮಗ್ಗಿ ಬಾರದಿದ್ದರೂ ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವ ಮುದುಕಿಯೊಬ್ಬಳು ಕಾಗದದ ಮೇಲೆ ರೋಗಿಯಾಗಿ ಬಿಡುತ್ತಾಳೆ. ನಿಜವಾದ ರೋಗಿಯನ್ನು, “ಓದುಬರಹ ಬಾರದವರು, ಹಾಗೆಯೇ” ಎಂದು ಕೈಬಿಡುವ ಅಪಾಯವೂ ಅಷ್ಟೇ ದೊಡ್ಡದು.

ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಭಾರತ ಮತ್ತು ಅಮೆರಿಕದ ಸಂಶೋಧಕರು ಈ ತೊಡಕನ್ನು ನೇರವಾಗಿ ಎದುರಿಸಿದರು. ೧೯೯೫ರಲ್ಲಿ ಅವರು ಪ್ರಕಟಿಸಿದ ಹಿಂದೀ ಪರೀಕ್ಷೆಯಲ್ಲಿ ಓದುವ ಪ್ರಶ್ನೆಯನ್ನು ತೆಗೆದು, ಪರೀಕ್ಷಕ ಮಾಡಿದಂತೆ ಮಾಡಿತೋರಿಸಲು ಹೇಳಿದರು. ವಾಕ್ಯ ಬರೆಯುವುದರ ಬದಲು, “ನಿಮ್ಮ ಮನೆಯ ವಿಷಯ ಏನಾದರೂ ಹೇಳಿ” ಎಂದರು. ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸುವ ಕಡೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಕೆಲಸ ಚಿಕ್ಕದೆಂದು ತೋರಬಹುದು. ಪ್ರಯೋಗಶಾಲೆಯ ದೊಡ್ಡ ಯಂತ್ರಗಳಷ್ಟೇ ಇದನ್ನೂ ನಾವು ಗೌರವಿಸುತ್ತೇವೆ.

ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ೬೪೮ ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಒಂದು ವಿಚಾರವನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ತಿಳಿಯದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದುದು ವಿಶೇಷ. ಇದು ಆಸ್ಪತ್ರೆಗೆ ಬಂದವರ ಅವಲೋಕನ ಮಾತ್ರ. ಬೇರೆ ದೇಶಗಳ ಕೆಲವು ಅಧ್ಯಯನಗಳು ಇದಕ್ಕೆ ಹೊಂದುವುದಿಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು ಭಾಷೆಯಾಡುವ ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಇನ್ನೂ ಆಳವಾಗಿ ಕೆದಕುವುದು ಅಗತ್ಯ.

ದೇಶದಾದ್ಯಂತ ನಲವತ್ತೈದು ದಾಟಿದವರೂ ಅವರ ಬಾಳಸಂಗಾತಿಗಳೂ ಸೇರಿ ೭೨,೦೦೦ಕ್ಕೂ ಹೆಚ್ಚು ಜನರನ್ನು ೨೦೧೭-೧೮ರಲ್ಲಿ ಭಾರತದ ದೀರ್ಘಕಾಲೀನ ವೃದ್ಧಾಪ್ಯ ಅಧ್ಯಯನದ ಮೊದಲ ಸುತ್ತಿನಲ್ಲಿ ಸಂದರ್ಶಿಸಿದರು. ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ ಈ ಕಾರ್ಯದಲ್ಲಿ ಕೈಹಿಡಿತವನ್ನೂ ನಡಿಗೆಯನ್ನೂ ನೆನಪನ್ನೂ ಅಳೆದಿದ್ದಾರೆ.

ಕರ್ಣಾಟಕದಲ್ಲಿ ಇಂತಹ ಕಾರ್ಯ ನಡೆಯುತ್ತಿರುವುದು ಮಾವಿನ ಹಣ್ಣಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಇದನ್ನು ೨೦೧೮ರಲ್ಲಿ ಆರಂಭಿಸಿತು. ಅಲ್ಲಿಯ ಹಳ್ಳಿಗಳ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ಅವರ ರಕ್ತ, ಹೃದಯ, ನಡಿಗೆ, ನೆನಪು, ಮಿದುಳಿನ ಚಿತ್ರ ಇವನ್ನೆಲ್ಲ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುವುದು ಅದರ ಉದ್ದೇಶ. ಕನ್ನಡ ತೆಲುಗು ಎರಡನ್ನೂ ಆಡುವವರು ಅಲ್ಲಿ ಬಹಳ. ಶಾಲೆಗೆ ಹೋದವರೂ ಹೋಗದವರೂ ಇದ್ದಾರೆ. ಸಿಯಾಟ್ಲಿನಲ್ಲಿಯೂ ಎಡಿನ್‌ಬರೋದಲ್ಲಿಯೂ ಕೇಳಲಾಗದಿದ್ದ ಎಷ್ಟೋ ಪ್ರಶ್ನೆಗಳನ್ನು ಅಲ್ಲಿ ಕೇಳಬಹುದು. ಆರಂಭದ ವರ್ಷ ನಲವತ್ತೈದಾಗಿದ್ದವರಿಗೆ ಅರವತ್ತೈದು ತುಂಬುವುದು ೨೦೩೮ರಲ್ಲಿ.